ಕಂಚಿನ ಕಾಲು

ಈ ರೋಗವೂ ರಾಮಿರೊಗೇ ಬರಬೇಕಿತ್ತೇ ಎಂದು ಸೆಲ್ಸೊ ಕೆನ್ನೆಗೆ ನೊರೆ ಹಚ್ಚಿಕೊಳ್ಳುತ್ತ ಯೋಚಿಸಿದ. ಯೋಚಿಸಿದ್ದಕ್ಕೆ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಸಿಟ್ಟು ಬಂತು, ಆ ಸಿಟ್ಟಿನಲ್ಲಿ ಕೈ ಜಾರಿ ಗದ್ದದ ಕೆಳಗೊಂದು ಗೀರು ಬಿತ್ತು. ಬಿಳಿ ನೊರೆಯೊಳಗೆ ರಕ್ತ ಎಳೆಎಳೆಯಾಗಿ ಹರಡುವುದನ್ನು ಅವನು ಬೇರೆ ಯಾರದೋ ಮುಖವೆಂಬಂತೆ ನೋಡುತ್ತ ನಿಂತ. ಫುಟ್‌ಬಾಲಿನಲ್ಲಿ ಚೆಂಡಿಗೆ ತಲೆ ಕೊಟ್ಟವರು ಇಬ್ಬರೂ ಅಲ್ಲವೇ? ತಮ್ಮ ಊರು ವೆಗಾಲ್ಬಾದ ಮಳೆಯಲ್ಲಿ ನೀರು ಕುಡಿದು ಕಲ್ಲಾಗುತ್ತಿದ್ದ ಚೆಂಡು ಮೈದಾನದ ಮೂಲೆಯಿಂದ ಹಾರಿ ಬಂದಾಗ, ಗೋಲಿನ ಮುಂದೆ ಗೋಡೆಯ ಹಾಗೆ ನಿಂತಿರುತ್ತಿದ್ದವರು ತಾವಿಬ್ಬರು. ಎತ್ತರದಲ್ಲಿ ತಾನೇ ಒಂದು ಬೆರಳು ಹೆಚ್ಚು. ಹಾಗಾಗಿ ಎಗರಿದ್ದು, ಹಣೆಯಿಂದ ಗುದ್ದಿದ್ದು, ಕಣ್ಣು ಕತ್ತಲೆ ಬಂದು ಬಾಯಲ್ಲಿ ತುಕ್ಕಿನ ರುಚಿ ಹತ್ತಿದ್ದು ಹೆಚ್ಚಾಗಿ ತನಗೇ. ಆದರೂ ಮರೆವು ಹಿಡಿದದ್ದು ರಾಮಿರೊಗೆ. ಊರಿನ ಪತ್ರಿಕೆ ಅದನ್ನೂ ಪದಕದ ಹಾಗೆ ಅವನ ಕೊರಳಿಗೆ ಹಾಕಿತ್ತು: ನಮಗಾಗಿ ತನ್ನ ನೆನಪನ್ನೇ ತೆತ್ತ ಮನುಷ್ಯ. ಸೆಲ್ಸೊಗೆ ಎಲ್ಲವೂ ನೆನಪಿತ್ತು. ಯಾವ ಆಟದ ದಿನ ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಯಾವ ಹೋಟೆಲಿನ ಮಂಚ ಕಿರುಗುಟ್ಟುತ್ತಿತ್ತು, ಸೋತು ಬಂದು ಅಂಗಿ ಕಳಚುವಾಗ ಯಾರು ಯಾರ ಮುಖ ನೋಡಲಿಲ್ಲ, ಎಲ್ಲವೂ. ತುಂಬಿದ ಕೊಡ ಹೊತ್ತುಕೊಂಡು ಬಾಯಾರಿದವರೇ ಇಲ್ಲದ ಬೀದಿಯಲ್ಲಿ ಅಲೆದಂತಿತ್ತು ಅವನ ಪಾಡು.

ಅಡಿಗೆಮನೆಯಲ್ಲಿ ಹೆಂಡತಿ ಒಲ್ವಿದೊ ಅವನ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಬಟಾಣಿ ಬಣ್ಣದ ಕಿಟಕಿಯ ಆಚೆ ಬಂದರಿನ ಕ್ರೇನುಗಳು ಭಾನುವಾರದ ಮಂಕಿನಲ್ಲಿ ಕತ್ತು ಬಾಗಿಸಿ ನಿಂತಿದ್ದವು.

"ಕುತ್ತಿಗೆಗೆ ಏನಾಯ್ತು?"

"ಏನಿಲ್ಲ."

"ಒಂಚೂರು ಕಾಗದ ಅಂಟಿಸ್ಕೊ. ರಕ್ತ ಕಾಲರಿಗೆ ಹತ್ತಿದ್ರೆ ನಾನಂತೂ ಇನ್ನೊಂದ್ಸಲ ಇಸ್ತ್ರಿ ಪೆಟ್ಟಿಗೆ ಮುಟ್ಟೋಳಲ್ಲ." ಅವಳು ತೋಳನ್ನು ಮಗುಚಿದಳು. "ಪಾಪ ಕಣೋ ರಾಮಿರೊ. ಬೆಳಿಗ್ಗೆ ಎದ್ದವನೇ ಆಟ ಎಷ್ಟೊತ್ತಿಗೆ, ನನ್ನ ಬೂಟೆಲ್ಲಿ ಅಂತ ಕೇಳಿದ್ನಂತೆ. ಎಲ್ವಿರಾ ಗಂಡನ ವಿಷಯ ಹೇಳ್ತಾ ಫೋನಲ್ಲಿ ಅತ್ತುಬಿಟ್ಳು."

"ಅಳ್ತಾಳೆ. ಅವರ ಮನೇಲಿ ಅಳೋದೂ ಊರಿಗೆಲ್ಲ ಕೇಳೋ ಹಾಗೇನೇ."

ಒಲ್ವಿದೊ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಅವನನ್ನು ನೋಡಿದಳು. "ನಿನ್ನ ಮಂಡಿ ಕೊಯ್ದಾಗ ನಾನು ಅಳಲಿಲ್ಲ ಅಂತ ಇನ್ನೂ ಇಟ್ಕೊಂಡಿದೀಯ ಅಲ್ವಾ ಹೊಟ್ಟೇಲಿ? ಮಂಡಿ ವಾಸಿಯಾಗತ್ತೆ ಅಂತ ಡಾಕ್ಟ್ರು ಹೇಳಿದ್ರು, ಅದಕ್ಕೆ ಅಳಲಿಲ್ಲ. ಇದು ವಾಸಿಯಾಗಲ್ಲ. ತಗೋ, ಹಾಕ್ಕೋ."

ಅಂಗಿ ಬೆಚ್ಚಗಿತ್ತು. ಯಾರೋ ಆಗಷ್ಟೇ ಕಳಚಿಕೊಟ್ಟಂತೆ ಬೆಚ್ಚಗಿತ್ತು. ಅದರೊಳಗೆ ತೋಳು ತೂರಿಸುವಾಗ ಸೆಲ್ಸೊಗೆ ಎಷ್ಟೋ ವರ್ಷದ ಹಿಂದಿನ ಆ ಮೇ ತಿಂಗಳ ಕೆಸರು ಬೆನ್ನಿಗೆ ತಾಕಿದಂತಾಯಿತು. ಋತುವಿನ ಕೊನೆಯ ಆಟ ಅದು. ಸೋಲದಿದ್ದರೆ ಸಾಕು, ತಂಡ ಮೊದಲ ದರ್ಜೆಯಲ್ಲಿ ಉಳಿಯುತ್ತಿತ್ತು. ಸೋತರೆ ಕೆಳದರ್ಜೆಗೆ, ಆಮೇಲೆ ಯಾರಿಗೂ ಹೆಸರು ಗೊತ್ತಿಲ್ಲದ ಊರುಗಳ ಬೋಳು ಮೈದಾನಗಳಿಗೆ. ಇನ್ನೇನು ಮುಗಿಯಿತು ಅನ್ನುವಾಗ ತಮ್ಮ ಗೋಲ್‌ಕೀಪರ್ ಮುಂದೆ ಬಂದು ಜಾರಿ ಬಿದ್ದ. ಚೆಂಡು ಖಾಲಿ ಗೋಲಿನತ್ತ ತನಗೇನೂ ಅವಸರವಿಲ್ಲವೆಂಬಂತೆ ಉರುಳತೊಡಗಿತು. ರಾಮಿರೊ ಒಂದು ಕಡೆಯಿಂದ, ಸೆಲ್ಸೊ ಇನ್ನೊಂದು ಕಡೆಯಿಂದ, ಇಬ್ಬರೂ ಕೆಸರಿನಲ್ಲಿ ಜಾರಿಕೊಂಡು ಹೋಗಿ ಗೋಲಿನ ಬಾಯಲ್ಲಿ ಒಬ್ಬರೊಳಗೊಬ್ಬರು ಸಿಕ್ಕಿಕೊಂಡರು. ಆ ರಾಶಿಯೊಳಗಿಂದ ಒಂದು ಕಾಲು ಎದ್ದು ಚೆಂಡನ್ನು ಗೆರೆಯ ಮೇಲಿಂದಲೇ ಆಚೆಗೆ ಎತ್ತಿ ಒಗೆಯಿತು. ಊರು ಉಳಿಯಿತು. ರೇಡಿಯೊದವನು "ರಾಮಿರೊ! ರಾಮಿರೊ!" ಎಂದು ಗಂಟಲು ಹರಿದುಕೊಂಡ. ಮರುದಿನ ಪತ್ರಿಕೆಯ ಚಿತ್ರದಲ್ಲಿ ಇದ್ದದ್ದು ಮಳೆ, ಬಲೆ, ಕೆಸರು ಮೆತ್ತಿದ ಒಂದು ಕಾಲು, ಅಷ್ಟೇ. ಯಾರ ಮುಖವೂ ಇರಲಿಲ್ಲ.

ಅದು ಸೆಲ್ಸೊನ ಕಾಲು. ಹೆಬ್ಬೆರಳಿನ ಉಗುರು ಕಪ್ಪಾಗಿ ಕಳಚಿ ಬಿದ್ದು ಮತ್ತೆ ಸೊಟ್ಟಗೆ ಬೆಳೆದಿತ್ತು; ಈಗಲೂ ಹೊಸ ಬೂಟು ಹಾಕಿದರೆ ಒತ್ತುತ್ತಿತ್ತು. ಆ ದಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ಎಲ್ಲರೂ ರಾಮಿರೊನನ್ನು ಹೆಗಲ ಮೇಲೆ ಹೊತ್ತು ಕುಣಿಯುವಾಗ ಸೆಲ್ಸೊ ಬೆಂಚಿನ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತಿದ್ದ. ಒದ್ದೆ ದಾರ, ಗಂಟು ಬಿಗಿದುಹೋಗಿತ್ತು. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಕಾದ. ರಾಮಿರೊ ಆ ಹೆಗಲುಗಳ ಮೇಲಿಂದ ಅವನ ಕಡೆ ನೋಡಿ ನಕ್ಕ. ಆ ನಗು ಏನು? ಕ್ಷಮೆಯೇ, ಕೊಂಕೇ, ಹೇಗೆ ಸಿಕ್ಕಿತು ನೋಡು ಎಂಬ ಕಳ್ಳನ ಖುಷಿಯೇ? ಆ ನಗುವನ್ನು ಸೆಲ್ಸೊ ಹಳೆಯ ನಾಣ್ಯದಂತೆ ಮಗುಚಿ ಮಗುಚಿ ನೋಡಿದ್ದ. ಅದು ನನ್ನ ಕಾಲು ಎಂದು ತಾನೇ ಹೇಳಬಹುದಿತ್ತು. ಆದರೆ ಆ ಮಾತನ್ನು ಆ ಗಳಿಗೆಯಲ್ಲೇ ಹೇಳಬೇಕು. ಮರುದಿನ ಹೇಳಿದರೆ ಬೇಡಿದಂತೆ, ಮರುವಾರ ಹೇಳಿದರೆ ಕದ್ದಂತೆ. ಬೇಸಗೆಯಲ್ಲಿ ದೇಶದ ತಂಡದವರು ರಾಮಿರೊನನ್ನು ಕರೆಸಿಕೊಂಡರು. ಆ ಕಾಲಿಗಾಗಿಯೇ ಕರೆಸಿಕೊಂಡರು ಎಂದು ಸೆಲ್ಸೊ ನಂಬಿದ. ಆಮೇಲೆ ರಾಮಿರೊ ಟೀವಿಯಲ್ಲಿ ಆಟದ ಬಗ್ಗೆ ಮಾತಾಡಿದ. ಸೆಲ್ಸೊ ಮಾವನ ಬೇಕರಿಯ ಬ್ರೆಡ್ಡು ವ್ಯಾನು ಓಡಿಸಿದ. ವ್ಯಾನಿನ ಹಿಂದೆ ಬೆಚ್ಚನೆಯ ಬ್ರೆಡ್ಡಿನ ವಾಸನೆ, ಮುಂದೆ ರೇಡಿಯೊದಲ್ಲಿ ರಾಮಿರೊನ ದನಿ. ಆ ಕಾಲಿನ ಮಾತು ಬಂದಾಗಲೆಲ್ಲ ರಾಮಿರೊ ಹೌದೂ ಅನ್ನುತ್ತಿರಲಿಲ್ಲ, ಅಲ್ಲವೂ ಅನ್ನುತ್ತಿರಲಿಲ್ಲ, ನಕ್ಕುಬಿಡುತ್ತಿದ್ದ. ಜನ ಅದನ್ನೂ ಅವನ ವಿನಯದ ಲೆಕ್ಕಕ್ಕೆ ಜಮಾ ಮಾಡಿದರು.

ಇವತ್ತು ಕೇಳಲೇಬೇಕು. ಇದು ಗೊತ್ತಿರುವುದು ಜಗತ್ತಿನಲ್ಲಿ ಇಬ್ಬರಿಗೆ. ಅವರಲ್ಲೊಬ್ಬ ದಿನಕ್ಕಿಷ್ಟು ಎಂಬಂತೆ ಕರಗುತ್ತಿದ್ದಾನೆ. ಅವನ ಬಾಯಿಂದ ಒಂದೇ ಒಂದು ಸಲ, ಯಾರಾದರೂ ಕೇಳುವಂತೆ, ಅದು ಸೆಲ್ಸೊನ ಕಾಲು ಎಂದು ಬಂದರೆ ಸಾಕು. ಆಮೇಲೆ ಅವನು ತನ್ನ ಹೆಸರನ್ನೇ ಮರೆಯಲಿ.

ಟಿನೊನ ಸಿದ್ರದಂಗಡಿಯಲ್ಲಿ ಆಗಲೇ ಜನ ಕಿಕ್ಕಿರಿದಿದ್ದರು. ಆಟಕ್ಕೆ ಮುಂಚೆ ಸಿದ್ರ ಎಂಬ ಸೇಬಿನ ಮದ್ಯ ಕುಡಿಯದೆ ವೆಗಾಲ್ಬಾದಲ್ಲಿ ಯಾರೂ ಮೈದಾನಕ್ಕೆ ಹೋಗುವುದಿಲ್ಲ. ನೆಲದ ಮೇಲಿನ ಮರದ ಹೊಟ್ಟು ಒದ್ದೆಯಾಗಿ ಹುಳಿ ವಾಸನೆ ಬೀರುತ್ತಿತ್ತು. ಟಿನೊ ಬಾಟಲಿ ಹಿಡಿದ ಕೈಯನ್ನು ತಲೆಯ ಮೇಲೆತ್ತಿ, ಗ್ಲಾಸು ಹಿಡಿದ ಕೈಯನ್ನು ತೊಡೆಯವರೆಗೆ ಇಳಿಸಿ, ಎಲ್ಲೋ ನೋಡುತ್ತ ತೆಳ್ಳನೆಯ ಹಳದಿ ಧಾರೆಯನ್ನು ಗ್ಲಾಸಿನ ಅಂಚಿಗೆ ಬೀಳಿಸುತ್ತಿದ್ದ. ಒಂದು ಮೇಜಿಗೆ ಒಂದೇ ಗ್ಲಾಸು. ಒಬ್ಬನಿಗೆ ಒಂದು ಗುಟುಕು. ಕುಡಿದವನು ಕೊನೆಯ ಹನಿಗಳನ್ನು ತನ್ನ ತುಟಿ ತಾಕಿದ ಅಂಚಿನ ಮೇಲಿಂದಲೇ ನೆಲಕ್ಕೆ ಚೆಲ್ಲಿ, ಅಂಚು ತೊಳೆದಂತಾದ ಮೇಲೆ ಗ್ಲಾಸನ್ನು ಮುಂದಿನವನಿಗೆ ಕೊಡಬೇಕು. ನಡೆಯುವುದನ್ನು ಕಲಿತಷ್ಟೇ ಸಹಜವಾಗಿ ಇಲ್ಲಿಯವರು ಇದನ್ನು ಕಲಿಯುತ್ತಾರೆ.

ರಾಮಿರೊ ಕಂದು ಕೋಟು ತೊಟ್ಟು ಗೋಡೆಯ ಪಕ್ಕ ಕೂತಿದ್ದ. ಹೆಂಡತಿ ಎಲ್ವಿರಾ ಅವನ ಕೊರಳಿಗೆ ತಂಡದ ನೀಲಿ ಶಾಲು ಸುತ್ತಿದ್ದಳು. ಮುಖ ಮೊದಲಿಗಿಂತ ಸುಂದರವಾಗಿತ್ತು. ಚಿಂತೆಯೆಲ್ಲ ಬಸಿದುಹೋದ ಮುಖ. ಇದೂ ಸೆಲ್ಸೊನ ಎದೆಗೆ ಚುಚ್ಚಿತು.

"ಬನ್ನಿ, ಬನ್ನಿ," ಎಂದು ರಾಮಿರೊ ಎದ್ದು ನಿಂತು ಕೈ ಚಾಚಿದ. "ಚೆನ್ನಾಗಿದೀರಾ? ಮನೇಲೆಲ್ಲ ಸೌಖ್ಯನಾ?"

ಅವನು ಈಗ ಎಲ್ಲರಿಗೂ ಬಹುವಚನವೇ. ಗುರುತು ಸಿಕ್ಕದವರನ್ನು ಏಕವಚನದಲ್ಲಿ ಕರೆದು ತಪ್ಪಾದೀತೆಂಬ ಭಯಕ್ಕೆ ಈ ಉಪಾಯ ಕಂಡುಕೊಂಡಿದ್ದ. ರಾಮಿರೊ ಎಷ್ಟು ಮೆದುವಾಗಿಬಿಟ್ಟ ನೋಡಿ ಎಂದು ಊರು ಕರಗುತ್ತಿತ್ತು. ಹನ್ನೊಂದು ವರ್ಷ ಒಂದೇ ಕೋಣೆಯಲ್ಲಿ ಮಲಗಿ, ಒಬ್ಬರ ಗೊರಕೆಯನ್ನೊಬ್ಬರು ಬೈದು, ಒಂದೇ ಟವೆಲ್ಲಿನಲ್ಲಿ ಮೈ ಒರೆಸಿಕೊಂಡವನು ಈಗ ತನಗೆ ಬಹುವಚನ ಹಚ್ಚುತ್ತಿದ್ದಾನೆ. ಇದು ನಿಜವೇ? ಒಂದು ಗಳಿಗೆ ಸೆಲ್ಸೊಗೆ ಇವನು ಮರೆವನ್ನೂ ಆಡುತ್ತಿದ್ದಾನೆ ಅನ್ನಿಸಿತು. ಎದುರಾಳಿಯ ಮುಂದೆ ಬೇಕೆಂದೇ ನಿಧಾನವಾಗಿ ತಿರುಗಿ, ಅವನು ನಂಬಿ ನುಗ್ಗುವಾಗ ಚೆಂಡು ಕಸಿಯುತ್ತಿದ್ದನಲ್ಲ, ಅದೇ ಆಟ. ಕಣ್ಣಿನೊಳಗೆ ಇಣುಕಿ ನೋಡಿದ. ಅಲ್ಲಿ ಬೆಳಕಿತ್ತು, ಮನೆಯಲ್ಲಿ ಯಾರೂ ಇಲ್ಲದಾಗ ಆರಿಸಲು ಮರೆತುಹೋದ ದೀಪದಂಥ ಬೆಳಕು.

"ಮೊದಲು ರಾಮಿರೊ ಯಜಮಾನ್ರಿಗೆ," ಎಂದು ಟಿನೊ ಗ್ಲಾಸು ಕೊಟ್ಟ. ಮೊದಲ ಗುಟುಕು ಯಾವತ್ತೂ ಅವನಿಗೇ. ರಾಮಿರೊ ಗ್ಲಾಸನ್ನೆತ್ತಿ ಕುಡಿದ, ಕುಡಿಯುತ್ತಲೇ ಹೋದ. ಕೊನೆಯ ಹನಿಯವರೆಗೂ ಕುಡಿದು, ತುಟಿ ಒರೆಸಿಕೊಂಡು, ಖಾಲಿ ಗ್ಲಾಸನ್ನು ಸಂತೋಷದಿಂದ ಮೇಜಿನ ಮೇಲಿಟ್ಟ. ನೆಲಕ್ಕೆ ಏನೂ ಬೀಳಲಿಲ್ಲ.

ಮೇಜಿನ ಸುತ್ತಲಿನವರ ಕಣ್ಣು ನೆಲಕ್ಕೆ ಹೋಯಿತು. ಎಲ್ವಿರಾ ಗೋಡೆಯ ಕ್ಯಾಲೆಂಡರು ನೋಡಿದಳು. ಅವನು ಹೆಂಡತಿಯ ಹೆಸರು ಮರೆತಾಗ ಜನ ಮರುಗಿದ್ದರು. ಆದರೆ ಇದು ಬೇರೆ. ಇದನ್ನು ಮರೆತವನು ತಮ್ಮ ನಡುವೆ ಕೂತಿಲ್ಲ, ಎಲ್ಲೋ ಎದ್ದು ಹೋಗಿದ್ದಾನೆ ಎಂದು ಎಲ್ಲರಿಗೂ ಒಟ್ಟಿಗೇ ತಿಳಿದಂತಿತ್ತು. ಸರದಿ ಸೆಲ್ಸೊನದು. ಟಿನೊ ಬೇರೆ ಗ್ಲಾಸಿಗೆ ಕೈ ಹಾಕಲೋ ಬೇಡವೋ ಎಂದು ತಡವರಿಸಿದ. ಎಲ್ವಿರಾಳ ಕುತ್ತಿಗೆ ಕೆಂಪಾಗುವುದನ್ನು ಸೆಲ್ಸೊ ಕಂಡ. "ಸುರಿ ಮಾರಾಯ, ಬಾಯಾರಿದೆ," ಅಂದುಬಿಟ್ಟ. ಆ ತೇವದ ಅಂಚಿಗೇ ತುಟಿಯಿಟ್ಟು ಕುಡಿದ. ಅವನು ಕುಡಿದು ಬಿಟ್ಟದ್ದು ನನಗೆ, ಯಾವತ್ತಿನಂತೆ, ಎಂದು ಒಳಗೊಂದು ದನಿ ಅಂದಿತು. ಮಾಡಿದ ಒಂದು ಒಳ್ಳೆಯ ಕೆಲಸವನ್ನೂ ಆ ದನಿ ಹುಳಿ ಮಾಡಿಬಿಟ್ಟಿತು.

ಉಸಿರು ಬಿಟ್ಟ ಜನ ಜೋರಾಗಿ ಮಾತಿಗೆ ತೊಡಗಿದರು. ಪಕ್ಕದ ಮೇಜಿನಿಂದ ಬೋಳುತಲೆಯ ಮೀನು ವ್ಯಾಪಾರಿಯೊಬ್ಬ ಕೂಗಿದ: "ಏ ಸೆಲ್ಸೊ, ಆವತ್ತು ರಾಮಿರೊ ಚೆಂಡು ಎತ್ತುವಾಗ ನೀನೆಲ್ಲಿದ್ದೆ ಹೇಳೋ!"

ಹಳೆಯ ಚೇಷ್ಟೆ. ಉತ್ತರವನ್ನು ಜನವೇ ಕೊಟ್ಟರು: "ಮಲಗಿದ್ದ! ಅಂಗಾತ ಮಲಗಿ ಮೋಡ ನೋಡ್ತಿದ್ದ!"

ನಗು ಎದ್ದಿತು. ಸೆಲ್ಸೊನೂ ನಕ್ಕ. ಇಷ್ಟು ವರ್ಷಗಳಲ್ಲಿ ಆ ನಗು ಅವನ ಮುಖಕ್ಕೆ ಅಳತೆಗೆ ಸರಿಯಾಗಿ ಹೊಲಿದಂತೆ ಕೂತುಬಿಟ್ಟಿತ್ತು. ರಾಮಿರೊ ಕೂಡ ನಕ್ಕ, ಯಾವುದಕ್ಕೆಂದು ಗೊತ್ತಿಲ್ಲದೆ, ಎಲ್ಲರೂ ನಗುತ್ತಿದ್ದಾರಲ್ಲ ಎಂದು.

ಎಲ್ವಿರಾ ಸೆಲ್ಸೊನ ಕಡೆ ಬಾಗಿದಳು. "ಸೆಲ್ಸೊ, ಒಂದು ಮಾತು. ಆಟಕ್ಕೆ ಮುಂಚೆ ಇವನ ಕೈಲಿ ಚೆಂಡು ಒದೆಸ್ತಾರಲ್ಲ, ಆ ಗೌರವದ ಒದೆಗೆ ನಡುಮೈದಾನದ ತನಕ ಇವನ ಜೊತೆ ಹೋಗ್ತೀನಿ ಅಂತ ಕ್ಲಬ್ಬಿನ ಅಧ್ಯಕ್ಷರು ಅಂದ್ರು. ನಾನೇ ಬೇಡ ಅಂದೆ. ಅಷ್ಟು ಜನದ ಸದ್ದಿಗೆ ಹೆದರ್ತಾನೆ ಕಣೋ ಈಗ. ನೀನು ಪಕ್ಕದಲ್ಲಿದ್ರೆ ಹೆದರಲ್ಲ."

"ನನ್ನ ಗುರುತೇ ಇಲ್ಲವಲ್ಲ ಅವನಿಗೆ."

"ತಲೆಗಿಲ್ಲದೆ ಇರಬಹುದು. ಕೈ ಹಿಡಿದ್ರೆ ಗೊತ್ತಾಗತ್ತೆ. ಬರ್ತೀಯಲ್ಲ?"

ಆಯಾ, ಎಂದುಕೊಂಡ ಸೆಲ್ಸೊ. ಕೊನೆಗೆ ಅವನ ಆಯಾ ಆದೆ. ಆದರೆ ನಡುಮೈದಾನದಲ್ಲಿ ತಾವಿಬ್ಬರೇ. ಅಲ್ಲಿ ಕೇಳಬಹುದು. "ಬರ್ತೀನಿ," ಅಂದ.

ಮೈದಾನದ ಏಳನೆಯ ಬಾಗಿಲಿನ ಮುಂದೆ ಪಾದ್ರಿ, ನಗರಪಾಲಿಕೆಯವರು, ಕ್ಯಾಮೆರಾದವರು ಎಲ್ಲ ನೆರೆದಿದ್ದರು. ಅಧ್ಯಕ್ಷರು ರಾಮಿರೊನ ಗೌರವಕ್ಕೆಂದು ಮಾಡಿಸಿದ ಶಿಲ್ಪದ ಮೇಲಿನ ನೀಲಿ ಬಟ್ಟೆ ಎಳೆದರು. ಗೋಡೆಯೊಳಗಿಂದ ಒಂದು ಕಂಚಿನ ಕಾಲು ಹೊರಗೆ ಚಾಚಿತ್ತು. ಮೊಣಕಾಲಿನಿಂದ ಕೆಳಗೆ, ಕಾಲುಚೀಲದ ಮಡಿಕೆ, ಬೂಟಿನ ದಾರ, ಮೆತ್ತಿದ ಕೆಸರು ಕೂಡ ಕಂಚಿನಲ್ಲಿ. ಕೆಳಗೆ ರಾಮಿರೊನ ಹೆಸರು. ಬಲಗಾಲು. ರಾಮಿರೊ ಬಲಗಾಲಿನ ಆಟಗಾರ, ಹಾಗಾಗಿ ಶಿಲ್ಪಿ ಬಲಗಾಲನ್ನೇ ಮಾಡಿದ್ದ, ಇನ್ನೇನು ಮಾಡಿಯಾನು. ಸೆಲ್ಸೊ ಒದ್ದದ್ದು ಎಡಗಾಲಿನಲ್ಲಿ. ಹಾಗಾದರೆ ಇದು ತನ್ನದಲ್ಲ, ನಡೆದದ್ದೂ ಅಲ್ಲ, ಯಾರದೂ ಅಲ್ಲದ ಕಾಲು ಎಂದು ಸಮಾಧಾನ ಹೇಳಿಕೊಳ್ಳಲು ನೋಡಿದ. ಸಮಾಧಾನ ಬರಲಿಲ್ಲ. ಕಂಚು ಎಷ್ಟು ಚೆನ್ನಾಗಿತ್ತು! ಅದರ ಮೀನಖಂಡದ ಉಬ್ಬು, ಹಿಮ್ಮಡಿಯ ನರ. ಪ್ಯಾಂಟಿನೊಳಗೆ ತನ್ನ ನಿಜವಾದ ಕಾಲು, ನೀಲಿ ನರ ಗಂಟುಗಟ್ಟಿದ, ಕೂದಲು ಉದುರಿದ ಕಾಲು, ಆ ಕಂಚಿನ ಎದುರು ನಾಚಿ ಹಿಂದೆ ಸರಿಯಿತು.

ಮುದುಕಿಯೊಬ್ಬಳು ಮುಂದೆ ಬಂದು ಕಂಚಿನ ಬೂಟಿನ ತುದಿಯನ್ನು ಸವರಿ ತನ್ನ ಬೆರಳಿಗೆ ಮುತ್ತಿಟ್ಟುಕೊಂಡಳು. ಶುಕ್ರವಾರ ಇಗರ್ಜಿಯಲ್ಲಿ ಕ್ರಿಸ್ತನ ಪಾದಕ್ಕೆ ಮಾಡುವ ಹಾಗೆಯೇ. ಅವಳ ಹಿಂದೆ ಸಾಲು ಬೆಳೆಯಿತು. ಇನ್ನು ಮೇಲೆ ಪ್ರತಿ ಆಟಕ್ಕೂ ಹೀಗೇ. ಆ ತುದಿ ಉಜ್ಜಿ ಉಜ್ಜಿ ಚಿನ್ನದಂತಾಗುತ್ತದೆ, ಇನ್ನೂ ಹುಟ್ಟದ ಮಕ್ಕಳೂ ಬಂದು ಉಜ್ಜುತ್ತಾರೆ. ಎಲ್ವಿರಾ ಗಂಡನ ಕೈಯನ್ನು ಅದರ ಮೇಲಿಡಿಸಿದಳು. "ಯಾರದಿದು?" ಎಂದು ರಾಮಿರೊ ಮರ್ಯಾದೆಯಿಂದ ವಿಚಾರಿಸಿದ. ಸುತ್ತಲಿನವರು ನಕ್ಕು ಚಪ್ಪಾಳೆ ತಟ್ಟಿದರು. ಸೆಲ್ಸೊ ಒಬ್ಬನೇ ನಗಲಿಲ್ಲ. ಇವನಿಗೆ ಗೊತ್ತಿದೆ. ಈಗ ಎಲ್ಲೋ ಒಳಗೆ ಅದು ಅಲುಗಿತು.

"ನೀನೂ ಮುಟ್ಟೋ," ಎಂದು ಒಲ್ವಿದೊ ಹಿಂದಿನಿಂದ ಮೆಲ್ಲಗೆ ತಿವಿದಳು. "ಎಲ್ರೂ ನೋಡ್ತಿದಾರೆ."

ಮುಟ್ಟಿದ. ಅಷ್ಟು ಜನರ ಕೈಯಿಂದ ಅದು ಬಿಸಿಯಾಗಿತ್ತು.

ಒಳಗಿನ ಸುರಂಗದಲ್ಲಿ ಸುಣ್ಣ, ನೋವಿನ ಎಣ್ಣೆ, ಹಳೆಯ ಬೆವರು ಎಲ್ಲ ಹಾಗೆಯೇ ಇದ್ದವು. ಎಲ್ವಿರಾ ಬಾಗಿಲಲ್ಲೇ ನಿಂತಳು. ಎಳೆಯ ಆಟಗಾರರು ಎರಡು ಸಾಲಾಗಿ ನಿಂತು ರಾಮಿರೊಗೆ ತಲೆಬಾಗಿದರು. ಪಕ್ಕದವನು ಯಾರೆಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ರಾಮಿರೊ ಸೆಲ್ಸೊನ ಮುಂಗೈ ಹಿಡಿದಿದ್ದ. ಹಿಡಿತ ಬಿಗಿಯಾಗುತ್ತಲೇ ಹೋಯಿತು.

"ರಾಮಿರೊ," ಎಂದು ಸೆಲ್ಸೊ ಕಿವಿಯ ಬಳಿ ಬಾಗಿದ. ಇಷ್ಟು ವರ್ಷ ಬಾಯೊಳಗೆ ಇಟ್ಟುಕೊಂಡ ಮಾತು ಹೊರಬರುವಾಗ ಯಾರದೋ ದನಿಯಂತೆ ಕೇಳಿಸಿತು. "ಬಾಗಿಲಲ್ಲಿ ಒಂದು ಕಾಲು ನೋಡಿದ್ಯಲ್ಲ. ಯಾರದದು?"

ರಾಮಿರೊ ನಿಂತ. ಹುಬ್ಬು ಗಂಟಿಕ್ಕಿ ತನ್ನ ಬೂಟುಗಳನ್ನು ನೋಡಿಕೊಂಡ, ಒಂದಾದ ಮೇಲೊಂದು. "ನಂದು ಎರಡೂ ಇಲ್ಲೇ ಇವೆಯಲ್ಲ," ಎಂದು ಆತಂಕದಿಂದ ಅಂದ. ಅಷ್ಟರಲ್ಲಿ ಮೇಲಿನ ಬೆಳಕು ಮತ್ತು ಸದ್ದು ಒಟ್ಟಿಗೇ ಅವರ ಮೇಲೆ ಬಿದ್ದವು.

ಇಡೀ ಮೈದಾನ ಎದ್ದು ನಿಂತಿತ್ತು. ಧ್ವನಿವರ್ಧಕದಲ್ಲಿ ಹೆಸರು ಒಂದೇ. ಅದು ಅಲೆಯಾಗಿ ಬಂದು ಬಡಿದಾಗ ರಾಮಿರೊ ಮಗುವಿನಂತೆ ಇವನ ತೋಳಿಗೆ ಅಂಟಿಕೊಂಡ. ಸೆಲ್ಸೊ ನಡೆಸಿಕೊಂಡು ಹೋದ. ಈ ಚಪ್ಪಾಳೆಯಲ್ಲಿ ಒಂದು ಹಿಡಿಯಾದರೂ ದಾರಿ ತಪ್ಪಿ ನನ್ನ ಮೇಲೆ ಬಿದ್ದಿರಬಹುದೇ ಎಂದು ಲೆಕ್ಕ ಹಾಕುತ್ತಿದ್ದ ತನ್ನ ಮನಸ್ಸನ್ನು ಕಂಡು ಅವನಿಗೇ ಹೇಸಿಗೆಯಾಯಿತು. ನಡುವೃತ್ತದ ಸುಣ್ಣದ ಚುಕ್ಕೆಯ ಮೇಲೆ ಚೆಂಡಿತ್ತು. ಎರಡೂ ತಂಡದವರು ದೂರ ಸರಿದು ನಿಂತರು. ರಾಮಿರೊ ಅದನ್ನು ಮೆಲ್ಲಗೆ ತಳ್ಳಿದರೆ ಸಾಕು. ಆ ಒದೆ ಲೆಕ್ಕಕ್ಕಿಲ್ಲ. ಚೆಂಡನ್ನು ಮತ್ತೆ ತಂದಿಟ್ಟು ನಿಜವಾದ ಆಟ ಶುರು ಮಾಡುತ್ತಾರೆ.

"ಒದಿ," ಅಂದ ಸೆಲ್ಸೊ.

ರಾಮಿರೊ ಒದೆಯಲಿಲ್ಲ. ಸುತ್ತ ನೋಡಿದ. ಅವನ ಬೆನ್ನು ನೆಟ್ಟಗಾಗಿತ್ತು, ಸೆಲ್ಸೊನ ಕೈ ಬಿಟ್ಟಿದ್ದ. ಹುಲ್ಲಿನ ಮೇಲೆ ನಿಂತದ್ದೇ ಅವನ ಮೈ ಏನನ್ನೋ ಕಂಡುಕೊಂಡಿತ್ತು. "ತಾಳಿ," ಅಂದ. "ಇನ್ನೊಬ್ಬ ಬರಬೇಕು."

"ಯಾರು?"

"ಸೆಲ್ಸೊ."

ಸೆಲ್ಸೊ ಅವನ ಮುಂದೆ ಬಂದು ನಿಂತ. "ನಾನೇ ಕಣೋ," ಅಂದ. "ನೋಡೋ ಇಲ್ಲಿ. ನಾನೇ ಸೆಲ್ಸೊ."

ರಾಮಿರೊ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ನಕ್ಕ. ಅದೇ ನಗು. ಹೆಗಲುಗಳ ಮೇಲಿಂದ ನಕ್ಕ ಅದೇ ನಗು. ಅದರಲ್ಲಿ ಕೊಂಕು ಇರಲಿಲ್ಲ, ಏನೂ ಇರಲಿಲ್ಲ. ಬಾ ಅನ್ನುವುದಷ್ಟೇ ಇತ್ತು. ಆದರೆ ಈಗ ಅದು ಇವನನ್ನು ದಾಟಿ ಹಿಂದೆ ಯಾರನ್ನೋ ಹುಡುಕುತ್ತಿತ್ತು.

"ಒಳ್ಳೆ ತಮಾಷೆ ಯಜಮಾನ್ರೇ. ನೀವು ಸೆಲ್ಸೊನ್ನ ನೋಡಿಲ್ಲ ಅನ್ನಿಸತ್ತೆ. ಕುದುರೆ ಕಣ್ರೀ ಅವನು. ತಲೆ ತುಂಬ ಕೂದ್ಲು. ಆವತ್ತು ಗೋಲಿನ ಬಾಯಲ್ಲಿ ನಾನು ಅಂಗಾತ ಬಿದ್ದಿದ್ದೆ. ಕಣ್ಣ ತುಂಬ ಮಳೆ, ಚೆಂಡೆಲ್ಲಿ, ನೆಲವೆಲ್ಲಿ, ಒಂದೂ ಗೊತ್ತಾಗ್ತಿಲ್ಲ. ಮುಗೀತು ಅಂದ್ಕೊಂಡೆ. ಎಲ್ಲಿಂದಲೋ ಬಂತು ನೋಡಿ ಅವನ ಎಡಗಾಲು! ಚೆಂಡು ಮಾಯ. ಜನ ನನ್ನನ್ನ ಎತ್ಕೊಂಡು ಕುಣಿದ್ರು. ಇವನು ಬಂದು ಇಳಿಸ್ತಾನೆ, ಏ ಕಳ್ಳ ಅಂತ ಎಳೆದು ಕೆಡವ್ತಾನೆ ಅಂತ ನೋಡ್ತಾನೇ ಇದ್ದೆ. ಬರ್ಲೇ ಇಲ್ಲ. ದಾರ ಬಿಚ್ತಾ ಕೂತಿದ್ದ." ರಾಮಿರೊ ಹೆಮ್ಮೆಯಿಂದ ತಲೆಯಾಡಿಸಿದ. "ಇದೆಲ್ಲ ಅವನಿಗೆ ಲೆಕ್ಕಕ್ಕೇ ಇಲ್ಲ. ಹೆಸರು, ಹೊಗಳಿಕೆ, ಇಂಥದ್ದಕ್ಕೆಲ್ಲ ಆಸೆಪಡೋ ಜನ ಅಲ್ಲ ಅವನು. ಅಂಥವನು ಪಕ್ಕದಲ್ಲಿ ಇದ್ರೇನೇ ನನಗೆ ಧೈರ್ಯ. ಅವನಿಲ್ದೆ ನಾನು ಯಾವತ್ತೂ ಶುರು ಮಾಡಿಲ್ಲ."

ಮಾತು ಬಂದಿತ್ತು. ಬೇಕೆಂದ ಮಾತು, ಬೇಕೆಂದ ಬಾಯಿಂದ. ಸುತ್ತ ಸಾವಿರಾರು ಜನ, ಒಬ್ಬನಿಗೂ ಕೇಳಿಸಲಿಲ್ಲ. ಆದರೆ ಸೆಲ್ಸೊಗೆ ಸಂಕಟವಾದದ್ದು ಅದಕ್ಕಲ್ಲ. ಇವನು ಹೇಳುತ್ತಿರುವ ಆ ಸೆಲ್ಸೊ ಯಾರು? ಆಸೆಪಡದವನು. ದಾರ ಬಿಚ್ಚುತ್ತ ಕೂತು ಜಗತ್ತಿನ ಹೊಗಳಿಕೆಯನ್ನು ಪಕ್ಕಕ್ಕೆ ತಳ್ಳಿದವನು. ಅಂಥವನೊಬ್ಬ ಈ ಮುದುಕನ ಖಾಲಿ ತಲೆಯೊಳಗೆ, ಹೆಂಡತಿಯ ಹೆಸರೂ ಉಳಿಯದ ಜಾಗದಲ್ಲಿ, ಮಾಸದೆ ಉಳಿದುಕೊಂಡಿದ್ದಾನೆ. ಅವನಿಗಾಗಿ ಇವನು ಮೈದಾನವನ್ನೇ ಕಾಯಿಸುತ್ತಿದ್ದಾನೆ. ರಾಮಿರೊನ ಮೇಲೆ ಸೆಲ್ಸೊ ಹೊಟ್ಟೆ ಉರಿದುಕೊಂಡದ್ದೆಲ್ಲ ಆ ಗಳಿಗೆಯಲ್ಲಿ ಹುಡುಗಾಟವಾಗಿ ಕಂಡಿತು. ನಿಜವಾದ ಉರಿ ಈಗ ಹತ್ತಿಕೊಂಡಿತು, ಆ ಇನ್ನೊಬ್ಬನ ಮೇಲೆ. ತನ್ನ ಹೆಸರಿಟ್ಟುಕೊಂಡು, ತನ್ನ ಕೂದಲು ತನ್ನ ಕಾಲು ಹೊತ್ತುಕೊಂಡು, ತಾನು ಒಂದು ದಿನವೂ ಆಗಿರದ ಆ ಮನುಷ್ಯನ ಮೇಲೆ.

ರೆಫ್ರಿ ಹತ್ತಿರ ಬಂದ. "ಏನಾದ್ರೂ ತೊಂದರೆಯೇ, ಸರ್?" ಗೆರೆಯಾಚೆಯಿಂದ ಅಧ್ಯಕ್ಷರು ಕೈ ತಿರುಗಿಸುತ್ತ ಬೇಗ ಬೇಗ ಎಂದು ಸನ್ನೆ ಮಾಡುತ್ತಿದ್ದರು. ಸುರಂಗದ ಬಾಯಲ್ಲಿ ಎಲ್ವಿರಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

ಸೆಲ್ಸೊ ಉಸಿರೆಳೆದುಕೊಂಡ. "ಸೆಲ್ಸೊ ಬರ್ತಿದಾನೆ," ಅಂದ. "ಬೂಟು ಕಟ್ಕೋತಿದಾನೆ. ನೀವು ಶುರು ಮಾಡಬೇಕಂತೆ."

"ಹಾಗಂದ್ನಾ?"

"ಹಾಗಂದ."

"ನೋಡಿ, ನಾನು ಹೇಳ್ಲಿಲ್ವಾ ಎಂಥೋನು ಅಂತ," ಎಂದು ರಾಮಿರೊ ಬೆಳಗಿದ. ಎರಡು ಹೆಜ್ಜೆ ಹಿಂದೆ ಸರಿದು, ಚೆಂಡಿಗೆ ಒದ್ದ. ಮುಂದಕ್ಕಲ್ಲ. ಪಾದದ ಒಳಬದಿಯಿಂದ ಎಡಕ್ಕೆ, ಹಿಂದಕ್ಕೆ, ಹುಲ್ಲಿಗೆ ಅಂಟಿಕೊಂಡು ಓಡುವಂಥ ಒಂದು ಚೊಕ್ಕ ಒದೆ. ಅಲ್ಲಿ ಯಾರೂ ಇರಲಿಲ್ಲ. ಜನ ಪ್ರೀತಿಯಿಂದ ನಕ್ಕರು. ಪಾಪ, ದಿಕ್ಕೂ ಮರೆತಿದೆ ಅಂದುಕೊಂಡರು. ಸೆಲ್ಸೊನ ಕಾಲುಗಳಿಗೆ ಮಾತ್ರ ಆ ದಿಕ್ಕು ಗೊತ್ತಿತ್ತು, ಆಟದಲ್ಲಿ ತಾನು ನಿಲ್ಲುತ್ತಿದ್ದ ಜಾಗ. ಹಾರಿ ಹೋಗಿ ಆ ಚೆಂಡನ್ನು ತಡೆದು ನಿಲ್ಲಿಸಬಹುದಿತ್ತು.

ಅವನು ನಿಂತಲ್ಲೇ ನಿಂತ. ಅದು ಅವನಿಗೆ ಕೊಟ್ಟದ್ದಾಗಿರಲಿಲ್ಲ.

ಚೆಂಡು ಖಾಲಿ ಹುಲ್ಲಿನ ಮೇಲೆ ಉರುಳುತ್ತ ಹೋಗಿ, ಮೆಲ್ಲಗಾಗಿ, ಯಾರೋ ಕಾಲಿಟ್ಟು ನಿಲ್ಲಿಸಿದ ಹಾಗೆ ನಿಂತಿತು. ರಾಮಿರೊ ಆ ಕಡೆಗೆ ಕೈಯೆತ್ತಿದ. ಆಮೇಲೆ ಸೆಲ್ಸೊನ ತೋಳನ್ನು ಹಿಡಿದು ಅಲುಗಿಸಿದ.

"ನೋಡಿದ್ರಾ? ಹೇಗೆ ತಗೊಂಡ ನೋಡಿದ್ರಾ?"

"ನೋಡಿದೆ," ಅಂದ ಸೆಲ್ಸೊ, ಆ ಖಾಲಿ ಜಾಗದಿಂದ ಕಣ್ಣು ಕೀಳಲಾರದೆ.